ಶನಿವಾರದೊಳಗೆ

ಪಲಾಸ ಎಂಬ ಊರು ಎಲ್ಲಿ ಉಂಟೆಂದು
ನನಗೆ ಗೊತ್ತಿರಲಿಲ್ಲ.
ಸಿಪ್ಪೆಯ ಹುಡಿ ಕೂತ ಮೇಜಿನ ಮೇಲೆ
ಪಡಿಯಾರರು ಬೆರಳಲ್ಲೇ ಗೀಚಿ ತೋರಿಸಿದರು:
ಇದು ನಮ್ಮ ಶಿರ್ವ, ಇದು ಸಮುದ್ರ,
ಆ ಕಡೆ ಇನ್ನೊಂದು ಸಮುದ್ರ, ಅದರ ಹತ್ತಿರ.
ನಡುವೆ ಒಂದೂವರೆ ದಿನದ ರೈಲು.
ಗ್ರೇಡಿಂಗಿನವರಲ್ಲಿ ನಾಲ್ಕು ಜನ ಬರಬಹುದು,
ರೂಮು ಕೊಡ್ತಾರೆ, ತಿಂಗಳಿಗೆ ಮೂರು ಸಾವಿರ ಜಾಸ್ತಿ,
ಶನಿವಾರದೊಳಗೆ ಹೇಳಿ ವಾರಿಜಕ್ಕ, ಎಂದರು.
ಸಂಜೆ ಎಂದಿನಂತೆ ಮೇಜು ಒರೆಸಿದೆ.
ಎರಡೂ ಸಮುದ್ರ ಬಟ್ಟೆಗೆ ಬಂತು.

ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಇಷ್ಟೇ:
ಗೇರುಬೀಜ ನೋಡುವುದು, ಇದು ಎಲ್ಲಿಗೆ ಎಂದು ಹೇಳುವುದು.
ನೂರೆಂಬತ್ತು, ಇನ್ನೂರ ನಲ್ವತ್ತು, ಮುನ್ನೂರ ಇಪ್ಪತ್ತು,
ಹೋಳು, ಚೂರು, ಕರಿಕಲು.
ಒಂದಕ್ಕೆ ಒಂದು ಕ್ಷಣ. ಅದಕ್ಕಿಂತ ಹೆಚ್ಚು ಯೋಚಿಸಿದವಳು
ಮಧ್ಯಾಹ್ನದೊಳಗೆ ಹಿಂದೆ ಬೀಳುತ್ತಾಳೆ.
ಈಗ ನೋಡಿದರೆ ಐದು ದಿನವಾಯಿತು,
ಒಂದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಮಂಗಳವಾರ ರಜೆ ಹಾಕಿ ಮಣಿಪಾಲಕ್ಕೆ ಹೋದೆ.
ಹಾಸ್ಟೆಲಿನ ಅಡುಗೆಮನೆ, ಚಪಾತಿಯ ಕೆಲಸ.
ಎದುರು ಕೂತ ಹುಡುಗನ ಮೀಸೆ
ಬರುವುದೋ ಬೇಡವೋ ಎಂದು ಇನ್ನೂ ನಿರ್ಧರಿಸಿರಲಿಲ್ಲ.
ಅನುಭವ ಉಂಟಾ?
ಇಪ್ಪತ್ತೆರಡು ವರ್ಷ.
ಯಾವುದರಲ್ಲಿ?
ಬೀಜದಲ್ಲಿ.
ಅವನು ಬರೆದದ್ದನ್ನು ತಲೆಕೆಳಗಾಗಿ ಓದಿದೆ: ಇಲ್ಲ.
ಹಾಜರಿ ಮೆಷಿನಿಗೆ ಹೆಬ್ಬೆರಳು ಒತ್ತಿ ಎಂದ.
ಒತ್ತಿದೆ. ಕೆಂಪು.
ಸೆರಗಿಗೆ ಒರೆಸಿ ಒತ್ತಿದೆ. ಕೆಂಪು.
ಗ್ರೇಡಿಂಗಿಗೆ ಬರುವ ಮೊದಲು ನಾಲ್ಕು ವರ್ಷ
ಕಟ್ಟಿಂಗಿನಲ್ಲಿದ್ದೆ. ಚಿಪ್ಪಿನ ಎಣ್ಣೆ ತಿಂದುಹಾಕಿದ ಗೆರೆಗಳು
ಯಾವ ಊರಿಗೆ ಹೋದರೂ ಇನ್ನು ಸಿಗುವುದಿಲ್ಲ.
ಪರವಾಗಿಲ್ಲ ಆಂಟಿ, ಪುಸ್ತಕದಲ್ಲಿ ಸಹಿ ಮಾಡಿ ಎಂದ.
ಒಳ್ಳೆಯ ಹುಡುಗ.
ಸಂಬಳ ಇಲ್ಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಇವರು ಸರ್ವಿಸ್ ಬಸ್ಸಿನ ಡ್ರೈವರ್.
ದಿನಕ್ಕೆ ಆರು ಟ್ರಿಪ್ಪು, ಹೋದಷ್ಟೇ ದೂರ ಬರುವುದು.
ನಿನಗೆ ಹೇಗೆ ಕಾಣ್ತದೋ ಹಾಗೆ, ಎಂದು
ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡರು.
ರಾತ್ರಿ ಲೈಟು ಆರಿಸಿದ ಮೇಲೆ ಕೇಳಿದರು:
ಅಲ್ಲಿ ಮೀನು ಸಿಗ್ತದಾ?
ಸಮುದ್ರ ಉಂಟಂತೆ, ಎಂದೆ.
ಆ ಸಮುದ್ರದ ಮೀನು ಬೇರೆ ಇರ್ತದೆ.
ಮತ್ತೆ ಎಷ್ಟೋ ಹೊತ್ತು ಅವರ ಬಲಗಾಲು
ಚಾದರದೊಳಗೆ ಬ್ರೇಕು ತುಳಿಯುತ್ತಿತ್ತು.

ಫೆಲ್ಸಿ ಮೊದಲ ದಿನವೇ ಹೆಸರು ಕೊಟ್ಟಿದ್ದಾಳೆ.
ಮೂರು ಸಾವಿರಕ್ಕಲ್ಲ ಮಾರಾಯ್ತಿ,
ನಲ್ವತ್ತಾರು ವರ್ಷದಲ್ಲಿ ಒಮ್ಮೆಯಾದರೂ
ಯಾರೂ ನನ್ನ ಗುರ್ತ ಹಿಡಿಯದ ರಸ್ತೆಯಲ್ಲಿ
ಕೊಡೆ ಬೀಸಿಕೊಂಡು ನಡೆಯಬೇಕು, ಎಂದಳು.
ನನಗೆ ಹೊಟ್ಟೆಕಿಚ್ಚಾಯಿತು.
ಅದನ್ನು ಯಾವ ಡಬ್ಬಕ್ಕೆ ಹಾಕುವುದೆಂದು
ಇನ್ನೂ ತಿಳಿದಿಲ್ಲ.

ಇವತ್ತು ಹನ್ನೊಂದರ ಹೊತ್ತಿಗೆ ಒಂದು ಬೀಜ ಬಂತು.
ಇನ್ನೂರ ನಲ್ವತ್ತಕ್ಕೆ ಸಣ್ಣದು,
ಮುನ್ನೂರ ಇಪ್ಪತ್ತಕ್ಕೆ ದೊಡ್ಡದು.
ಇಂಥದ್ದು ದಿನಾ ನೂರು ಬರುತ್ತದೆ, ಕೈ ಎಂದೂ ನಿಂತದ್ದಿಲ್ಲ.
ನಿಂತಿತು.
ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಕಳವು.
ಹಾಲಿನ ಹಾಗೆ ಇತ್ತು, ಕೊನೆಗೆ ಸ್ವಲ್ಪ ಒಗರು.

ಊಟದ ಮೇಲೆ ಪಡಿಯಾರರ ಹತ್ತಿರ ಹೋಗಿ ಕೇಳಿದೆ:
ಅಲ್ಲಿ ಮೇಜಿಗೆ ಬೆಳಕು ಯಾವ ದಿಕ್ಕಿನಿಂದ ಬರ್ತದೆ?
ಇಲ್ಲಿ ನಮ್ಮದು ಬಡಗಿನ ಕಿಟಕಿ.
ಬಿಸಿಲು ನೇರ ಬೀಳುವುದಿಲ್ಲ. ಬಿಳಿ ಬಿಳಿಯಾಗಿ,
ಸುಟ್ಟದ್ದು ಸುಟ್ಟದ್ದಾಗಿ ಕಾಣುತ್ತದೆ.
ಎಂತ ವಾರಿಜಕ್ಕ, ಟ್ಯೂಬ್‌ಲೈಟು ಇರ್ತದಲ್ಲ, ಎಂದರು.
ನಾನು ನಿಂತೇ ಇದ್ದೆ.
ಆಯ್ತು, ಫೋನು ಮಾಡಿ ಕೇಳಿ ಹೇಳ್ತೇನೆ, ಎಂದರು ಕೊನೆಗೆ.

ಇವತ್ತು ಶುಕ್ರವಾರ.
ಹಾಸ್ಟೆಲಿನ ಕಾಗದ ಮಡಚಿ ಬುತ್ತಿಯ ಚೀಲದಲ್ಲಿಟ್ಟಿದ್ದೇನೆ,
ಒಂದು ಮೂಲೆಗೆ ಒಗ್ಗರಣೆಯ ಎಣ್ಣೆ ತಾಗಿದೆ.
ಐದೂವರೆಗೆ ಸೈರನ್ ಆಯಿತು. ಫೋನು ಬಂದಿಲ್ಲ.
ಎಲ್ಲರೂ ಎದ್ದರು.
ಕಿಟಕಿಯಲ್ಲಿ, ಇನ್ನೊಂದು ಅರ್ಧ ಗಂಟೆ
ಬೀಜ ನೋಡುವಷ್ಟು ಬೆಳಕಿತ್ತು.