ಹಿಂದಿನ ಸೀಟಿನಲ್ಲಿ ಬೋಗುಣಿ

ಮೂರು ದಿನ ಉಜ್ಜಿದ್ದೆ,
ಬಾನೆಟ್ಟಿನಲ್ಲಿ ಎದುರು ಮನೆಯ ಪಪ್ಪಾಯಿ ಮರ ಕಾಣುವಷ್ಟು.
ಸೀಟಿಗೆ ಹೊಸ ಕವರು, ಕನ್ನಡಿಗೆ ಪರಿಮಳದ ರಟ್ಟಿನ ಚೂರು.
ಗೀರು ಬಿದ್ದ ಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೆ,
ಫೋಟೋಕ್ಕೆ ಕೂತವನು ಮುರಿದ ಹಲ್ಲಿನ ಮೇಲೆ
ತುಟಿ ಎಳೆದುಕೊಂಡ ಹಾಗೆ.

ಬಂದವರು ಪ್ರೆಸಿಲ್ಲಾ ಸಿಕ್ವೇರಾ.
ಫಳ್ನೀರಿನಲ್ಲಿ ಮದುವೆಗಳಿಗೆ ಕೇಕು ಮಾಡುತ್ತಾರಂತೆ,
ಮೂರು ಅಂತಸ್ತು, ನಾಲ್ಕು ಅಂತಸ್ತು;
ಹಾಲ್ ತಲುಪುವವರೆಗೆ ಉಸಿರು ಬಿಡುವ ಹಾಗಿಲ್ಲ.
ಬಣ್ಣ ನೋಡಲಿಲ್ಲ. ಕವರು ಮುಟ್ಟಲಿಲ್ಲ.
ಚೀಲದಿಂದ ಒಂದು ಸ್ಟೀಲ್ ಬೋಗುಣಿ ತೆಗೆದು
ನಮ್ಮ ಬಾವಿಕಟ್ಟೆಯಲ್ಲೇ ನೀರು ತುಂಬಿಸಿ, ಅಂಚಿಗೊಂದು ಬೆರಳು ಬಿಟ್ಟು,
ಹಿಂದಿನ ಸೀಟಿನಲ್ಲಿ ಟವೆಲ್ ಮಡಚಿ, ಸಮ ಮಾಡಿ
ಕೂರಿಸಿದರು.
“ಒಂದು ರೌಂಡ್ ಹೋಗಿ ಬರುವ. ನೀವೂ ಹತ್ತಿ.”

ಇಲ್ಲೇ ಬಿಜೈ ಚರ್ಚಿನವರೆಗೆ ಸಾಕಲ್ಲ, ಎಂದೆ.
“ಸಪಾಟು ರಸ್ತೆಯಲ್ಲಿ ಎಲ್ಲಾ ಕಾರೂ ಒಳ್ಳೆಯದೇ ಮಾರಾಯ್ರೆ.”
ಬಾವುಟಗುಡ್ಡೆಗೆ ತಿರುಗಿಸಿದರು.

ಮೊದಲು ಮಾಡಿದ್ದು ರೇಡಿಯೋ ಆರಿಸಿದ್ದು.
ಆರಿದ ಮೇಲೆಯೇ ಗೊತ್ತಾಯಿತು
ನಾನದನ್ನು ಯಾಕೆ ಹಾಕುತ್ತಿದ್ದೆ ಎಂದು.
ಎಡಗಡೆ, ಮುಂದಿನ ಚಕ್ರದಲ್ಲಿ, ಯಾರೋ ಕೂತು
ಅಡಕೆ ಕತ್ತರಿಸುತ್ತಿದ್ದರು. ಕಟ್. ಕಟ್.
ತಿರುವು ಬಂದರೆ ಇನ್ನೂ ಜೋರು.
ವರ್ಷಕ್ಕೆರಡು ಗೆರೆಯಂತೆ
ನಾನು ವಾಲ್ಯೂಮ್ ಏರಿಸುತ್ತಾ ಬಂದಿದ್ದೆ.

ಏರಿನ ನಡುವೆ ಎದುರಿನ ರಿಕ್ಷಾ ನಿಂತಿತು.
ಹ್ಯಾಂಡ್‌ಬ್ರೇಕ್ ಎಳೆದರು; ಕಾರು ಒಂದು ಗೇಣು ಹಿಂದೆ ಜಾರಿತು.
ಹಿಂದಿನವನ ಹಾರ್ನು.
ನನ್ನ ಕಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತಿ ಹಿಡಿಯಿತು.
ಅವರು ಏನೂ ಹೇಳಲಿಲ್ಲ.
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರೂ
ಮೊದಲು ಹೀಗೇ ಸುಮ್ಮನಿರುತ್ತಾರೆ.

ಪಾಂಡೇಶ್ವರದ ಹಳಿ ದಾಟುವಾಗ ಬೆನ್ನ ಹಿಂದೆ ನೀರಿನ ಸದ್ದು.
ಆಗ ಕೇಳಿದರು: “ಕ್ಲಚ್ ಕಲ್ಲಿನ ಹಾಗುಂಟು.
ನಿಮಗೆ ಎಡಮೊಣಕಾಲು ನೋಯುವುದಿಲ್ಲವಾ?”

ಆರು ವರ್ಷದ ಎಣ್ಣೆ. ಮೆಟ್ಟಿಲಿಗೊಂದು ನಿಟ್ಟುಸಿರು.
‘ವಯಸ್ಸಾಯ್ತಲ್ಲ’ ಎನ್ನುವ ವಾರಿಜ.
ವಯಸ್ಸಾದದ್ದು ಪೆಡಲಿಗೆ!

ಇದನ್ನು ನಾನು ಕೊಂಡದ್ದು ನಿಂತಲ್ಲೇ,
ಶೋರೂಮಿನ ಟ್ಯೂಬ್‌ಲೈಟಿನ ಅಡಿ, ಹೊಳೆಯುವ ಟೈಲ್ಸಿನ ಮೇಲೆ.
ಓಡಿಸಿ ನೋಡ್ತೀರಾ ಸರ್, ಎಂದಿದ್ದ ಟೈ ಕಟ್ಟಿದ ಹುಡುಗ.
ಹೊಸತಕ್ಕೆ ಎಂತ ಪರೀಕ್ಷೆ, ಎಂದು ನಕ್ಕಿದ್ದೆ.
ಕೇಳಿದರೆ ಸಣ್ಣವನಾಗುತ್ತೇನೆ ಎಂಬ ಹೆದರಿಕೆ ಬೇರೆ.
ಅರ್ಧ ಗಂಟೆ ಉಳಿಸಿದೆ, ಸರಿ.
ಆಮೇಲೆ ಹದಿಮೂರು ವರ್ಷ
ಬಿಗಿ ಕ್ಲಚ್ಚಿಗೆ ಕಾಲನ್ನು, ತಗ್ಗು ಸೀಟಿಗೆ ಬೆನ್ನನ್ನು,
ಕಂಬ ಮರೆಮಾಡುವ ಮೂಲೆಗೆ ಕುತ್ತಿಗೆಯನ್ನು
ಬಗ್ಗಿಸಿ ಬಗ್ಗಿಸಿ ಕೊಟ್ಟೆ.
ಅದು ನನ್ನದೇ ನಡಿಗೆ ಅಂದುಕೊಂಡಿದ್ದೆ.

ಅಂಗಳದಲ್ಲಿ ಇಳಿದು, ಬೋಗುಣಿಗೆ ಬೆರಳಿಟ್ಟು ಅಳೆದರು.
ಮೂರು ಬೆರಳು ಖಾಲಿ. ಟವೆಲ್ ಒದ್ದೆ.
ಉಳಿದ ನೀರನ್ನು ಬಸಳೆ ಬುಡಕ್ಕೆ ಸುರಿದು ಹೇಳಿದರು:
“ಬೇರಿಂಗು, ಹ್ಯಾಂಡ್‌ಬ್ರೇಕು, ಕ್ಲಚ್ಚು ಸರಿ ಮಾಡಿಸಿ ಫೋನ್ ಮಾಡಿ.
ಇನ್ನೊಮ್ಮೆ ಬಿಟ್ಟು ನೋಡ್ತೇನೆ. ರೇಟಿನ ಮಾತು ಆಮೇಲೆ.”
ಹೊರಟವರು ಗೋಡೆಯ ಸಂದಿಗೆ ಬಗ್ಗಿ ಇಣುಕಿದರು.
“ಈ ಗೀರು ಇರಲಿ ಬಿಡಿ. ಗೀರಿನಿಂದ ಕೇಕು ಬೀಳುವುದಿಲ್ಲ.”

ಸಂಜೆ ವಾರಿಜ ಕೇಳಿದಳು, ಹೋಯ್ತಾ?
ಇಲ್ಲ, ಎಂದೆ.
ಅಡುಗೆಮನೆಗೆ ಹೋಗಿ ಸಿಕ್ಕಿದ ಬೋಗುಣಿ ಎತ್ತಿಕೊಂಡೆ.
‘ಅದು ಸಾರಿನದ್ದು, ಎಲ್ಲಿಗೆ?’
ಬಾವಿಕಟ್ಟೆಗೆ. ಅಲ್ಲಿಂದ ಹಿಂದಿನ ಸೀಟಿಗೆ,
ಅಂಚಿಗೆ ಒಂದೇ ಬೆರಳು ಬಿಟ್ಟು.

ರೇಡಿಯೋದತ್ತ ಹೋದ ಕೈಯನ್ನು ಹಿಂದಕ್ಕೆ ತಂದು
ಗೇಟಿನಾಚೆಗೆ ಮೆಲ್ಲ ಬಿಟ್ಟೆ.
ಕಟ್. ಕಟ್.
ಕೇಳುತ್ತಾ ಹೋದೆ.