ಮೊದಲು ಕೈ

ನನ್ನೊಳಗೊಬ್ಬ ಕರಣಿಕನಿದ್ದಾನೆ.
ಸಂಬಳವಿಲ್ಲ, ರಜೆಯಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ.
ಬೆಳಗಿನ ಜಾವ ಮೂರಕ್ಕೆ ಕನ್ನಡಕ ಒರೆಸಿಕೊಂಡು
ಕಡತ ಬಿಚ್ಚುತ್ತಾನೆ:
ತಮ್ಮನ ಫೋನು ಬಂದಾಗ ನೀನು ಎತ್ತಲಿಲ್ಲ, ಬಾಕಿ.
ಎತ್ತಿದ್ದರೆ ಹಾನುಸ್ ಆ ಗಾಳಿಯಲ್ಲಿ ದೋಣಿ ಇಳಿಸುತ್ತಿರಲಿಲ್ಲ, ಬಾಕಿ.
ಅಮ್ಮನ ಎದುರು ಅಳಲಿಲ್ಲ, ಬಾಕಿ.
ಆಮೇಲೆ ತೀರಾ ಅತ್ತೆ, ಅದೂ ಬಾಕಿ.
ಜಮೆಯ ಕಡೆಯ ಪುಟ
ಕೊಲ್ಲಿಯ ಮೇಲಿನ ಮಂಜಿನ ಹಾಗೆ, ಖಾಲಿ ಬಿಳಿ.

ಇಲ್ಲಿ, ಈ ಫಾರೋ ದ್ವೀಪಗಳಲ್ಲಿ,
ಚಳಿಗಾಲದ ಹಗಲು ಐದೇ ಗಂಟೆ.
ಉಳಿದದ್ದೆಲ್ಲ ಅವನ ಕಚೇರಿಯ ವೇಳೆ.

ಸಾಲ್ಮನ್ ಕಾರ್ಖಾನೆಯಲ್ಲಿ ಮುಳ್ಳು ಕೀಳುವ ಕೆಲಸ ನನ್ನದು.
ಬೆರಳಿಗೆ ತಾಗುತ್ತದೆ, ಇಕ್ಕಳಕ್ಕೆ ಸಿಗುತ್ತದೆ, ಬರುತ್ತದೆ.
ತಲೆಯೊಳಗಿನದಕ್ಕೆ ಇಕ್ಕಳ ಹೋಗುವುದಿಲ್ಲ.
ಪ್ರಾರ್ಥಿಸಲಿಲ್ಲವೆಂದಲ್ಲ. ಪ್ರಾರ್ಥಿಸಿದೆ,
ಕಟಕಟೆಯಲ್ಲಿ ನಿಂತವರು ಮಾತಾಡುವ ಹಾಗೆ,
ಕೇಳಿದ್ದಕ್ಕಷ್ಟೇ ಉತ್ತರ.
ಮೂರು ಚಳಿಗಾಲ
ಕರಣಿಕನ ದನಿಯನ್ನೇ ದೇವರದೆಂದು ತಿಳಿದಿದ್ದೆ.

ಕ್ರಿಸ್‌ಮಸ್‌ಗೆ ಒಂಬತ್ತು ದಿನ ಇರುವಾಗ ಎಲ್ಸ್‌ಪಾ ಕರೆದಳು.
ಚರ್ಚಿನ ಬೀಗದ ಕೈ ಅವಳ ಹತ್ತಿರ. ವಯಸ್ಸು ಎಪ್ಪತ್ತೊಂದು.
ಮೊಣಕಾಲು ಮಾತು ಕೇಳುವುದಿಲ್ಲ, ನಾಲಗೆಯೂ ಅಷ್ಟೆ.
"ಹಡಗಿಗೆ ಧೂಳು ಕೂತಿದೆ. ನೀನು ಹತ್ತು,
ಏಣಿ ನಾನು ಹಿಡಿಯುತ್ತೇನೆ."

ನಮ್ಮ ಚರ್ಚಿನ ಮರದ ಚಾವಣಿಯಿಂದ
ಒಂದು ಪುಟ್ಟ ಹಡಗು ತೂಗುತ್ತದೆ,
ಬದುಕಿ ಬಂದವರು ಯಾರೋ ಹರಕೆಗೆ ಕೆತ್ತಿದ್ದು.
ಹತ್ತಿರದಿಂದ ನೋಡಿದರೆ
ಹಗ್ಗವೆಲ್ಲ ಹೊಲಿಗೆಯ ದಾರ,
ಒಂದು ಹಾಯಿ ಯಾರದೋ ಕರವಸ್ತ್ರ,
ಚುಕ್ಕಾಣಿಯ ಬುಡದಲ್ಲೊಂದು ಸತ್ತ ನೊಣ.
ಬದುಕಿ ಬಂದವರದು, ಹಾನುಸನದಲ್ಲ,
ಎಂದ ಕರಣಿಕ.
ಒರೆಸುವ ಕೈ ನಿಲ್ಲಿಸಿ ಅವನ ಮಾತಿಗೆ ಕಿವಿಗೊಟ್ಟೆ,
ಆರನೇ ಮೆಟ್ಟಿಲಲ್ಲಿ ಕಾಲು ಜಾರಿತು.

ಕೆಳಗಿನಿಂದ ಒಂದು ಕೈ
ಏಡಿಯ ಹಾಗೆ ಬಂದು
ನನ್ನ ಕಣಕಾಲನ್ನು ಮೆಟ್ಟಿಲಿಗೆ ಒತ್ತಿ ಹಿಡಿಯಿತು.
ಬೈಗುಳ ಬಂದದ್ದು ಆಮೇಲೆ:
"ಮನಸ್ಸನ್ನ ಎಲ್ಲಿಟ್ಟಿದ್ದೆಯೇ, ಹುಡುಗಿ?"
ನನಗೆ ನಲವತ್ನಾಲ್ಕು.
ಏಣಿಗೆ ಹಣೆ ಆನಿಸಿ
ನಗಬೇಕೋ ಅಳಬೇಕೋ ತಿಳಿಯದೆ ನಿಂತೆ.

ಯಾಕೆಂದರೆ ಆ ಕತೆ ನನಗೆ ಭಾನುವಾರದ ಶಾಲೆಯಿಂದ ಗೊತ್ತು:
ಅಲೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟು,
ಗಾಳಿಯನ್ನು ಕಂಡು ಹೆದರಿ ಮುಳುಗಿದ ಮೀನುಗಾರ.
ಯಾಕೆ ಅನುಮಾನಿಸಿದೆ ಎಂದು ಯೇಸು ಕೇಳಿದ್ದಷ್ಟೇ
ನನ್ನ ನೆನಪಿನಲ್ಲಿ ಉಳಿದಿತ್ತು.
ಕೇಳುವ ಮೊದಲೇ ಹಿಡಿದಿದ್ದ ಎಂಬುದನ್ನು
ಯಾರೂ ಮುಚ್ಚಿಟ್ಟಿರಲಿಲ್ಲ, ನಾನೇ ದಾಟಿಕೊಂಡು ಓದಿದ್ದೆ.
ಸರಿಯಾದ ಉತ್ತರ ಬರಲೆಂದು ಅವನು ಕಾಯಲಿಲ್ಲ.
ಮೊದಲು ಕೈ. ಪ್ರಶ್ನೆ ಆಮೇಲೆ,
ಅದೂ ಒದ್ದೆ ತೋಳನ್ನು ಬಿಡದೆ.

ಹಾನುಸನನ್ನು ಯಾವ ಕೈ ಹಿಡಿಯಿತು, ಎಷ್ಟು ಆಳದಲ್ಲಿ,
ನನಗೆ ಗೊತ್ತಿಲ್ಲ. ಸಮುದ್ರ ಹೇಳುವುದಿಲ್ಲ.
ಕೇಳುತ್ತಲೇ ಇದ್ದೇನೆ, ಕೆಲವೊಮ್ಮೆ ಸಿಟ್ಟಿನಿಂದ.
ಆದರೆ ಮುಳುಗುವವಳ ಪಕ್ಕ ಕೂತು
ಲೆಕ್ಕ ಮುಗಿಯಲಿ, ಆಮೇಲೆ ನೋಡೋಣ
ಎನ್ನುವ ಆ ದನಿ
ಅವನದಲ್ಲ.
ಇಷ್ಟು ಏಣಿಯ ಮೇಲೆ ಗೊತ್ತಾಯಿತು.

ಕರಣಿಕ ಕೆಲಸ ಬಿಟ್ಟಿಲ್ಲ.
ನಿನ್ನೆಯೂ ಮೂರಕ್ಕೆ ಬಂದ, ಕನ್ನಡಕ ಒರೆಸಿಕೊಂಡ.
ಬಾ, ಕೂತುಕೋ, ಬರೆದುಕೋ, ಎಂದೆ:
ಎಡಗಾಲಿನ ಮೇಲೆ ಐದು ಬೆರಳಿನ ಗುರುತು,
ನೀಲಿ. ಜಮೆ.
ಆ ಪುಟ ಹುಡುಕಲು ಅವನಿಗೆ ಬಹಳ ಹೊತ್ತು ಹಿಡಿಯಿತು.
ಹಳದಿಗೆ ತಿರುಗಿದೆಯಲ್ಲ, ವಾರದಲ್ಲಿ ಮಾಯುತ್ತದೆ,
ವಜಾ ಮಾಡಲೇ, ಎಂದ.
ಮುಂದಿನ ಪುಟಕ್ಕೆ ಒಯ್ಯಿ, ಎಂದು
ಮಗ್ಗುಲು ಬದಲಿಸಿದೆ.