ಚಕ್ಕೆ

ಬೆಟಗೇರಿಯಲ್ಲಿ ಚಂದ್ರ ನಡುಗುತ್ತಾನೆ.
ಕೆಳಗೆ ಹನ್ನೆರಡು ಪವರ್‌ಲೂಮು,
ಮಾಳಿಗೆಯ ಮೇಲೆ ನಾನು, ನನ್ನ ಪೈಪಿನ ದುರ್ಬೀನು.
ಲಾಳಿ ಹೊಡೆದಾಗಲೆಲ್ಲ
ಕನ್ನಡಿಯೊಳಗಿನ ಕುಳಿ ಸಿಡಿಯುತ್ತದೆ,
ಬಾಣಲೆಯಲ್ಲಿ ಸಾಸಿವೆ.

ಹತ್ತೂವರೆಗೆ ಕರೆಂಟು ಹೋಯಿತು.
ಚಂದ್ರ ನಿಂತ.

ದಶಮಿ. ಕಪ್ಪು ಬಯಲು, ಎರೆ ಹೊಲದಷ್ಟು ಮಟ್ಟಸ.
ಅದರಲ್ಲೊಂದು ಗಿಡ್ಡ ಏರು, ಯಾರೋ ಹಾಕಿ ಮರೆತ ಬದು.
ಒಂದು ಸೀಳು, ನೆಟ್ಟಗೆ ಬಂದು
ಸುಮ್ಮನೆ ಮುಗಿದುಹೋಗುತ್ತದೆ.
ನಡುವೆ ಆ ಸಣ್ಣ ಕುಳಿ.
ಪಟ್ಟಿಯಲ್ಲಿ ಅದಕ್ಕೆ ಸ್ವಂತ ಹೆಸರಿಲ್ಲ,
ನೆರೆಯ ದೊಡ್ಡ ಕುಳಿಯ ಹೆಸರಿಗೆ ಅಂಟಿಸಿದ ಒಂದಕ್ಷರ.
ಒಳಗೆ ನೆರಳಿನ ಕುಡುಗೋಲು, ಸುತ್ತ ಸುಣ್ಣ.

ಧಗೆ ತಾಳದೆ ಹುಲಿಗೆವ್ವ ಮಾಳಿಗೆಗೆ ಬಂದಳು,
ಒರಳಿಗೆ, ಬೀಸುಕಲ್ಲಿಗೆ ಉಳಿಪೆಟ್ಟು ಹಾಕುವವಳು.
"ತೋಪೇನೋ ಇದು?"
"ನೋಡಬೇ. ಒಂದು ಕಣ್ಣು ಮುಚ್ಚಬೇಕು."
"ಒಂದು ಮುಚ್ಚೇ ಐತಿ."

ಎಡಗಣ್ಣು. ರೋಣದ ಹಾದಿಯಲ್ಲಿ, ಯಾರದೋ ಅಂಗಳದ ಒರಳು.
ಹಾರಿಬಂದದ್ದು ಜೋಳದ ಕಾಳಿನಷ್ಟೂ ಇರಲಿಲ್ಲವಂತೆ.

ಬಗ್ಗಿದಳು. ಬಹಳ ಹೊತ್ತು ಮಾತಿಲ್ಲ.
ನಾನು ಹೇಳಲು ಸಜ್ಜಾಗಿದ್ದೆ: ಉಲ್ಕೆ, ವೇಗ, ಕಾಲ.
ಆಕೆಯ ಬೆರಳು ಗಾಳಿಯಲ್ಲಿ ಬೀಸಣಿಗೆ ಬರೆಯಿತು.
"ಬಿಳೇ ಪುಡಿ ನೋಡು, ಮೂರೂ ಕಡೆ ಹಾರೈತಿ, ಈ ಕಡೆ ಇಲ್ಲ.
ನೆಟ್ಟಗ ಹೊಡದಿಲ್ಲ, ಉಳಿ ಓರೆ ಹಿಡದಾನ.
ಚಕ್ಕಿ ಇಲ್ಲದ ಕಡೆ ಕುಂತಿದ್ದ."

"ಇದರಾಗ ಎಲ್ಲಾ ಉಲ್ಟಾ ಕಾಣ್ತೈತಿ ಬೇ."

"ಹಂಗಾರ ಆ ಕಡೆ ಕುಂತಿದ್ದ. ಅದಕ್ಕೇನ?"

ಇಪ್ಪತ್ತು ವರ್ಷ ನೋಡಿದ್ದೇನೆ ಆ ಕುಳಿಯನ್ನು.
ನೋಟುಬುಕ್ಕಿನಲ್ಲಿ ತಾರೀಖು, ಮೋಡ, ನೆರಳಿನ ಉದ್ದ.
ಹೊಡೆದವನು ಎಲ್ಲಿ ಕೂತಿದ್ದ
ಎಂದು ಒಮ್ಮೆಯೂ ಕೇಳಿರಲಿಲ್ಲ.

"ಎಂದಿನದು ಇದು?"
ಕೋಟಿಗಟ್ಟಲೆ ವರ್ಷ ಅಂದೆ, ಅಂದಾಜು.
"ಚಕ್ಕಿ ಇನ್ನಾ ಹಂಗ ಬಿದ್ದಾವ. ಯಾರೂ ಕಸ ಹೊಡದಿಲ್ಲ."
ಆಮೇಲೆ, ನನಗಲ್ಲದ ದನಿಯಲ್ಲಿ,
"ಯಾರ ಕಣ್ಣಿಗೂ ಬಡದಿರಲಿಕ್ಕಿಲ್ಲ ಬಿಡು."

ಕರೆಂಟು ಬಂತು.
ಕೆಳಗೆ ಹನ್ನೆರಡೂ ಲಾಳಿ ಒಮ್ಮೆಲೇ ಹಾರಿದವು,
ಮಾಳಿಗೆ, ಪೈಪು, ನನ್ನ ಮೊಣಕಾಲು.
ಇನ್ನು ಸಾಕು, ಏನೂ ಕಾಣುವುದಿಲ್ಲ ಅಂದೆ.

ಕಣ್ಣು ತೆಗೆಯಲಿಲ್ಲ ಹುಲಿಗೆವ್ವ.
"ತಡಿಯೋ," ಅಂದಳು,
"ಈಗ ಹೊಡ್ಯಾಕತ್ತಾನ."